ಸಹಾಯ ಬೇಕು: ಕಫವೇ ಬಾರದ ಹಿರಿಯರಿಗೆ ಟಿಬಿ ಖಚಿತ ಮಾಡಿಕೊಳ್ಳುವುದು ಹೇಗೆ?

ಅಪ್ಪನಿಗೆ 78 ವರ್ಷ, ಸಕ್ಕರೆ ಕಾಯಿಲೆ ಇದೆ. ಜ್ವರ ಇಲ್ಲ, ಕೆಮ್ಮಿದರೆ ರಕ್ತವೂ ಇಲ್ಲ. ಊಟ ಸೇರುತ್ತಿಲ್ಲ, ತೂಕ ಇಳಿಯುತ್ತಿದೆ, ಸುಸ್ತು ಜಾಸ್ತಿ. ಎಕ್ಸ್‌ರೇಯಲ್ಲಿ ಶ್ವಾಸಕೋಶದ ಕೆಳಭಾಗದಲ್ಲಿ ನೆರಳು ಕಂಡಿದೆ. ಆಂಟಿಬಯಾಟಿಕ್ ಮುಗಿದರೂ ಅದು ಹಾಗೇ ಇದೆ.

ಕಫದ ಸಿಬಿನಾಟ್ (ಟಿಬಿ ರೋಗಾಣುವಿನ ಡಿಎನ್‌ಎ ಹುಡುಕುವ ಪರೀಕ್ಷೆ) ನೆಗೆಟಿವ್. ಆದರೆ ಅವರು ಡಬ್ಬಿಗೆ ಉಗುಳಿದ್ದು ಬರೀ ಎಂಜಲು, ಕಫ ಕೆಮ್ಮಿ ತೆಗೆಯುವ ಶಕ್ತಿಯೇ ಇಲ್ಲ. ಟಿಬಿ ಸೋಂಕು ತಗುಲಿದೆಯಾ ಎಂದು ನೋಡುವ ಇಗ್ರಾ ರಕ್ತ ಪರೀಕ್ಷೆ ಪಾಸಿಟಿವ್. ಅದು ದೇಹದಲ್ಲಿ ಸುಮ್ಮನೆ ಮಲಗಿರುವ ಹಳೇ ಸೋಂಕಿಗೂ ಬರುತ್ತದೆ ಅಲ್ವಾ? ಒಬ್ಬ ಡಾಕ್ಟರು ಬ್ರಾಂಕೋಸ್ಕೋಪಿ (ಶ್ವಾಸನಾಳದೊಳಗೆ ಕ್ಯಾಮೆರಾ ಇರುವ ಕೊಳವೆ ಬಿಟ್ಟು ನೋಡುವುದು) ಮಾಡಿಸಿ ಅನ್ನುತ್ತಾರೆ, ಇನ್ನೊಬ್ಬರು ನೇರವಾಗಿ ಟಿಬಿ ಮಾತ್ರೆ ಶುರು ಮಾಡೋಣ ಅನ್ನುತ್ತಾರೆ. ಈ ವಯಸ್ಸಿಗೆ ಆ ಮಾತ್ರೆಯಿಂದ ಲಿವರ್‌ಗೆ ತೊಂದರೆ ಆಗಬಹುದೆಂಬ ಭಯ ನಮಗೆ.

ಬ್ರಾಂಕೋಸ್ಕೋಪಿಗೆ ಮುಂಚೆ ಉಪ್ಪುನೀರಿನ ನೆಬ್ಯುಲೈಸರ್ ಕೊಟ್ಟು ಕಫ ತೆಗೆಸಿ, ಸಿಬಿನಾಟ್ ಮತ್ತು ಕಲ್ಚರ್ (ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಮಾಡಿಸಬಹುದಾ? ಇಷ್ಟು ವಯಸ್ಸಾದವರು ಅದನ್ನು ತಡೆದುಕೊಳ್ಳುತ್ತಾರಾ? ಗೊತ್ತಿರುವ ಡಾಕ್ಟರು, ಮನೆಯ ಹಿರಿಯರಿಗೆ ಮಾಡಿಸಿದವರು ದಯವಿಟ್ಟು ತಿಳಿಸಿ.