ಒಬ್ಬ ಕೋಚ್ ಬಂದರೆ ಒಂದೇ ವರ್ಷದಲ್ಲಿ ಹೀಗೂ ಆಗುತ್ತಾ? (ಇಂಡಿಯಾನಾ ಯೂನಿವರ್ಸಿಟಿಯ ಅಮೆರಿಕನ್ ಫುಟ್‌ಬಾಲ್ ತಂಡ, 2024)

ಹಾಸನದಮ್ಮ:

ಮಗ ಅಮೆರಿಕದ ಬ್ಲೂಮಿಂಗ್ಟನ್‌ನಲ್ಲಿ, ಇಂಡಿಯಾನಾ ಯೂನಿವರ್ಸಿಟಿಯಲ್ಲಿ ಓದುತ್ತಿದ್ದಾನೆ. ನವೆಂಬರ್‌ನಲ್ಲಿ ನಾನೂ ನಮ್ಮ ಯಜಮಾನರೂ ಹೋಗಿದ್ದೆವು. 30ನೇ ತಾರೀಕು ರಾತ್ರಿ, ಅದೇ ರಾಜ್ಯದ ಇನ್ನೊಂದು ಯೂನಿವರ್ಸಿಟಿ ಪರ್ಡ್ಯೂ ಜೊತೆಗಿನ ಮ್ಯಾಚಿಗೆ ಕರೆದುಕೊಂಡು ಹೋದ. ನನಗೆ ಎರಡು ಸ್ವೆಟರ್, ಮೇಲೊಂದು ಶಾಲು, ಅದರ ಮೇಲೆ ಅವನ ಕೆಂಪು ಜಾಕೆಟ್. ಆಟ ಮಾತ್ರ ತಲೆಗೆ ಹತ್ತಲಿಲ್ಲ. ಹತ್ತು ಸೆಕೆಂಡ್ ಮುಗಿಬೀಳುತ್ತಾರೆ, ಆಮೇಲೆ ನಿಂತು ಮಾತಾಡುತ್ತಾರೆ. 66-0 ಆದಾಗ ಎದುರಿನ ಹುಡುಗರನ್ನು ನೋಡಿ ಪಾಪ ಅನಿಸಿತು. ಗೆದ್ದವರು ಒಂದು ಹಳೇ ಮರದ ಬಕೆಟ್ ಎತ್ತಿಕೊಂಡು ಕುಣಿದರು!

ಹಿಂದಿನ ವರ್ಷ ಇದೇ ತಂಡ 12 ಮ್ಯಾಚಿನಲ್ಲಿ ಮೂರೇ ಗೆದ್ದಿತ್ತಂತೆ. ಹೊಸ ಕೋಚ್ ಬಂದರು, ಎಲ್ಲ ಬದಲಾಯಿತು ಅನ್ನುತ್ತಾನೆ ಮಗ. ನಾನು 26 ವರ್ಷ ಹೈಸ್ಕೂಲ್ ಟೀಚರ್ ಆಗಿದ್ದವಳು. ಹೊಸ ಹೆಡ್‌ಮಾಸ್ಟರ್ ಬಂದ ವರ್ಷವೇ ರಿಸಲ್ಟ್ ಏರಿದ್ದನ್ನು ನಾನಂತೂ ನೋಡಿಲ್ಲ. ನಿಜಕ್ಕೂ ಏನಾಯಿತು? ಆ ಬಕೆಟ್ ಕಥೆ ಏನು?

ಬ್ಲೂಮಿಂಗ್ಟನ್ ಹಳಬ:

ಅಮ್ಮಾ, ನಾನು ಈ ಊರಿಗೆ ಬಂದು 14 ವರ್ಷ. ಮೊದಲೆಲ್ಲ ಮ್ಯಾಚಿಗೆ ಹೋಗುವುದು ಅಂದರೆ ಪಾರ್ಕಿಂಗ್ ಜಾಗದಲ್ಲಿ ಊಟ ಮಾಡುವುದು ಅಂತ ಅರ್ಥ. ಬೇರೆಯವರು ಮಾಂಸ ಸುಡುತ್ತಿದ್ದರು, ನಾವು ಚಿತ್ರಾನ್ನದ ಡಬ್ಬಿ ಬಿಚ್ಚುತ್ತಿದ್ದೆವು. ಒಳಗೆ ಹೋಗಿ ಅರ್ಧ ಆಟ ನೋಡಿ ಮನೆಗೆ. ಸೋಲು ಹೇಗೂ ಗ್ಯಾರಂಟಿ ಅಲ್ವಾ! ಕಾಲೇಜ್ ಫುಟ್‌ಬಾಲ್‌ನ ದೊಡ್ಡ ತಂಡಗಳಲ್ಲಿ ಅತಿ ಹೆಚ್ಚು ಸೋತದ್ದು ಯಾವುದು ಅಂದರೆ ನಮ್ಮ ಹೆಸರೇ ಬರುತ್ತಿತ್ತು. ಇದು ಬಾಸ್ಕೆಟ್‌ಬಾಲ್ ಊರು.

ಆ ಹೊಸ ಕೋಚ್ ಕರ್ಟ್ ಸಿಗ್ನೆಟ್ಟಿ ಬಂದಾಗ ಅವರಿಗೆ 62 ವರ್ಷ. ಬಂದ ಹೊಸತರಲ್ಲೇ ಬಾಸ್ಕೆಟ್‌ಬಾಲ್ ಮ್ಯಾಚ್ ಮಧ್ಯೆ ಮೈಕ್ ಹಿಡಿದು, ಪರ್ಡ್ಯೂ ದರಿದ್ರ, ಮಿಶಿಗನ್ನೂ ಒಹಾಯೊ ಸ್ಟೇಟೂ ಅಷ್ಟೇ ಅಂದುಬಿಟ್ಟರು. ನಾವೆಲ್ಲ ನಕ್ಕೆವು, ಬಾಯಿ ಜಾಸ್ತಿ ಅಂತ. ಆಮೇಲೆ ಯಾರೋ ಕೇಳಿದಾಗ, ನಾನು ಗೆಲ್ಲುತ್ತೇನೆ, ಬೇಕಾದರೆ ಗೂಗಲ್ ಮಾಡಿ ನೋಡಿ ಅಂದರು. ನಾನು ಮಾಡಿಯೂ ನೋಡಿದೆ. ಅಲಬಾಮಾದಲ್ಲಿ ಹೆಸರಾಂತ ಕೋಚ್ ನಿಕ್ ಸೇಬನ್ ಕೈಕೆಳಗಿದ್ದವರು, ಅದನ್ನು ಬಿಟ್ಟು 2011ರಲ್ಲಿ ಒಂದು ಸಣ್ಣ ಕಾಲೇಜಿಗೆ ಹೆಡ್ ಕೋಚ್ ಆಗಿ ಹೋಗಿದ್ದರು. ಅಲ್ಲಿಂದ ಎಲಾನ್, ಆಮೇಲೆ ಜೇಮ್ಸ್ ಮ್ಯಾಡಿಸನ್. ಹೋದಲ್ಲೆಲ್ಲ ಗೆದ್ದಿದ್ದರು.

ಹೆಡ್‌ಮಾಸ್ಟರ್ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಇವರು ಮದುವೆ ಮನೆಗೆ ಬರುವ ಅಡುಗೆ ಭಟ್ಟರ ಥರ. ಭಟ್ಟರು ಒಬ್ಬರೇ ಬರುತ್ತಾರಾ? ಹೆಚ್ಚುವವನು, ರುಬ್ಬುವವನು, ಬಡಿಸುವವನು ಎಲ್ಲರೂ ಅವರ ಹಿಂದೆಯೇ. ಸಿಗ್ನೆಟ್ಟಿ ಜೊತೆ ಹಳೇ ಕಾಲೇಜಿನಿಂದ 13 ಹುಡುಗರು ಬಂದರು. ಮೊದಲು ಕಾಲೇಜು ಬದಲಾಯಿಸಿದರೆ ಒಂದು ವರ್ಷ ಆಡದೆ ಕೂರಬೇಕಿತ್ತು, ಈಗ ಹಾಗಿಲ್ಲ. ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ಕರ್ಟಿಸ್ ರೂರ್ಕ್ ಒಹಾಯೊ ಯೂನಿವರ್ಸಿಟಿಯಿಂದ (ಒಹಾಯೊ ಸ್ಟೇಟ್ ಅಲ್ಲ, ಅದು ಬೇರೆ) ಬಂದವನು, ಕೆನಡಾದ ಹುಡುಗ. ಸೀಸನ್ ಮಧ್ಯೆ ಹೆಬ್ಬೆರಳಿಗೆ ಆಪರೇಷನ್. ಒಂದು ಮ್ಯಾಚ್ ಕೂತ, ಮುಂದಿನದಕ್ಕೆ ಹಾಜರ್.

ನನಗೆ ನಂಬಿಕೆ ಬಂದದ್ದು ನೆಬ್ರಾಸ್ಕಾ ಮೇಲೆ 56-7 ಗೆದ್ದ ದಿನ. ಮಿಶಿಗನ್ ಮ್ಯಾಚಿನ ದಿನ ಪಾರ್ಕಿಂಗೇ ಸಿಗಲಿಲ್ಲ, ಒಂದೂವರೆ ಮೈಲಿ ನಡೆದೆ. 20-15 ಗೆದ್ದೆವು. ಕೊನೇ ನಿಮಿಷದವರೆಗೂ ಯಾರೂ ಎದ್ದು ಹೋಗಲಿಲ್ಲ. ನನಗೆ ಸ್ಕೋರಿಗಿಂತ ಅದೇ ದೊಡ್ಡದು ಅನಿಸಿತು.

ಇನ್ನು ಆ ಬಕೆಟ್, ಅದು ಬಾವಿಯ ಬಕೆಟ್. ದಕ್ಷಿಣ ಇಂಡಿಯಾನಾದ ಯಾವುದೋ ಹೊಲದ ಮನೆಯಿಂದ ತಂದದ್ದು. 1925ರಿಂದ ಪರ್ಡ್ಯೂಗೂ ನಮಗೂ ಅದಕ್ಕಾಗಿಯೇ ಜಗಳ. ಗೆದ್ದವರ ಅಕ್ಷರ, ‘ಐ’ ಅಥವಾ ‘ಪಿ’, ಪ್ರತಿ ವರ್ಷ ಅದರ ಸರಪಳಿಗೆ ಸೇರುತ್ತದೆ. ಮೊದಲನೇ ವರ್ಷವೇ 0-0 ಆಗಿ, ಎರಡೂ ಅಕ್ಷರ ಒಟ್ಟಿಗೆ ಹಾಕಬೇಕಾಯಿತು.

ಕೊಲಂಬಸ್ ಗೌಡ:

ಹಳಬರೇ, ಅರ್ಧ ಕಥೆ ಹೇಳಿ ನಿಲ್ಲಿಸಿದಿರಿ. ನಮ್ಮ ಒಹಾಯೊ ಸ್ಟೇಟ್ ಮೇಲೆ 38-15 ಸೋತದ್ದನ್ನು ಯಾಕೆ ಹೇಳಲಿಲ್ಲ? ನಮ್ಮ ಕೇಲಬ್ ಡೌನ್ಸ್ ನಿಮ್ಮವರು ಒದ್ದ ಚೆಂಡು (ಪಂಟ್) ಹಿಡಿದು 79 ಯಾರ್ಡ್ ಓಡಿದಾಗ ನಾನು ಸ್ಟೇಡಿಯಂನಲ್ಲೇ ಇದ್ದೆ. ಪರ್ಡ್ಯೂ ಆ ವರ್ಷ ಗೆದ್ದದ್ದೇ ಒಂದು ಮ್ಯಾಚ್, ಅವರ ಮೇಲೆ 66 ಹೊಡೆದದ್ದು ಏನು ಮಹಾ? ಪ್ಲೇಆಫ್‌ನಲ್ಲಿ (ಚಾಂಪಿಯನ್ ಯಾರೆಂದು ತೀರ್ಮಾನಿಸುವ ಕೊನೇ ನಾಕೌಟ್ ಮ್ಯಾಚುಗಳು) ನಾಟರ್‌ಡೇಮ್ ಮೇಲೆ 27-17 ಸೋಲು ಅಂತ ಕಾಣುತ್ತದೆ, ಕೊನೇ ಎರಡು ನಿಮಿಷದವರೆಗೆ 27-3 ಇತ್ತು. ಸುಲಭದ ಪೇಪರ್ ಸಿಕ್ಕಿತು, ಮಾರ್ಕ್ಸ್ ಬಂತು.

ಬ್ಲೂಮಿಂಗ್ಟನ್ ಹಳಬ:

ಗೌಡ್ರೇ, ಒಪ್ಪಿದೆ, ಆ ಎರಡು ದಿನ ನಮ್ಮವರಿಗೆ ಕೈಕಾಲೇ ಆಡಲಿಲ್ಲ. ಆದರೆ 13 ಮ್ಯಾಚಿನಲ್ಲಿ ನಮ್ಮನ್ನು ಸೋಲಿಸಿದ್ದು ಎರಡೇ ತಂಡ. ಆ ಎರಡೇ ಜನವರಿ 20ಕ್ಕೆ ಫೈನಲ್ ಆಡಿದವು, ನೀವೇ ಕಪ್ ಎತ್ತಿದಿರಿ. ಸುಲಭದ ಪೇಪರನ್ನೂ ನಾವು ಎಷ್ಟೋ ವರ್ಷ ಫೇಲ್ ಆಗಿದ್ದೇವೆ ಸ್ವಾಮಿ. ಈ ತಂಡ ಒಂದು ಸೀಸನ್‌ಗೆ 10 ಗೆದ್ದದ್ದೇ ಇದು ಮೊದಲು. ಗೆದ್ದದ್ದು 11.

ಹಾಸನದಮ್ಮ:

ಭಟ್ಟರ ಮಾತು ಚೆನ್ನಾಗಿ ಅರ್ಥವಾಯಿತು. ನಮ್ಮ ಯಜಮಾನರು ಮ್ಯಾಚ್ ಪೂರ್ತಿ ಆ ಕೋಚ್ ಮುಖವನ್ನೇ ನೋಡುತ್ತಿದ್ದರು. ಸ್ಕೋರ್ 50 ದಾಟಿದ ಮೇಲೂ ಗಂಟುಮುಖ, ಸಾರಿಗೆ ಉಪ್ಪು ಕಮ್ಮಿಯಾದವರ ಹಾಗೆ. ಸರಪಳಿಯ ಅಕ್ಷರದ ಮೇಲೆ ಸ್ಕೋರ್ ಕೂಡ ಬರೆಯುತ್ತಾರಾ?

ಬ್ಲೂಮಿಂಗ್ಟನ್ ಹಳಬ:

ಕೆತ್ತುತ್ತಾರೆ ಅಮ್ಮಾ. ತಾರೀಕು, ಊರು, ಸ್ಕೋರ್ ಮೂರೂ.