ಸಲಿಂಗ ವಿವಾಹದ ತೀರ್ಪನ್ನು ಪಿಯು ತರಗತಿಯಲ್ಲಿ ಹೇಗೆ ಪಾಠ ಮಾಡುತ್ತೀರಿ?

ರಾಜ್ಯಶಾಸ್ತ್ರ ಉಪನ್ಯಾಸಕಿ, ಹಾಸನ ಜಿಲ್ಲೆ:

ಹದಿನಾರು ವರ್ಷಗಳಿಂದ ಪಿಯು ಮಕ್ಕಳಿಗೆ ರಾಜ್ಯಶಾಸ್ತ್ರ ಹೇಳಿಕೊಡುತ್ತಿದ್ದೇನೆ. ಕಳೆದ ಮಂಗಳವಾರ ಮೂಲಭೂತ ಹಕ್ಕುಗಳ ಪಾಠವಿತ್ತು. ಸಮಾನತೆಯ ಹಕ್ಕು ಹೇಳುವ ಸಂವಿಧಾನದ 14ನೇ ವಿಧಿಯನ್ನು ಹಲಗೆಯ ಮೇಲೆ ಬರೆದು ತಿರುಗುವಷ್ಟರಲ್ಲಿ ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಮೇಡಂ, ಸಲಿಂಗ ಸಂಬಂಧ ಅಪರಾಧವಲ್ಲ ಎಂದು 2018ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಿದ್ದರೆ ಅವರ ಮದುವೆಯನ್ನು ಏಕೆ ಒಪ್ಪುವುದಿಲ್ಲ?"

ಹಿಂದಿನ ಸಾಲಿನಲ್ಲಿ ನಗು ಎದ್ದಿತು. ಯಾರೋ ಒಬ್ಬ ಹುಡುಗನ ಹೆಸರು ಹಿಡಿದು ಕೂಗಿದರು. ಆ ಹುಡುಗ ತಲೆ ಎತ್ತಲಿಲ್ಲ. ಕೈವಾರದ ಮೊನೆಯಿಂದ ಬೆಂಚಿನ ಮೇಲೆ ಒಂದೇ ಗೆರೆಯನ್ನು ಮತ್ತೆ ಮತ್ತೆ ತೀಡುತ್ತ ಕುಳಿತಿದ್ದ. ನಾನು "ನಾಳೆ ನೋಡೋಣ" ಎಂದು ಪುಸ್ತಕ ಮುಚ್ಚಿದೆ. ಹಾಗೆ ಮಾಡಬಾರದಿತ್ತು. ನಕ್ಕವರಿಗೆ ನಾನೇ ಅನುಮತಿ ಕೊಟ್ಟಂತಾಯಿತು.

ವಿಷಯ ನನಗೆ ಗೊತ್ತು. ಆ ಹುಡುಗನಿಗೆ ನೋವಾಗದಂತೆ ಅದನ್ನು ಹೇಳುವುದು ಹೇಗೆ ಎಂಬುದೇ ಪ್ರಶ್ನೆ.

ನಿವೃತ್ತ ಪ್ರಾಂಶುಪಾಲ, ಶಿವಮೊಗ್ಗ:

ಮೇಡಂ, ಮೊದಲು ನಿಮ್ಮ ಪ್ರಾಂಶುಪಾಲರಿಗೆ ಒಂದು ಮಾತು ತಿಳಿಸಿ. ಪೋಷಕರು ಗೇಟಿನ ಬಳಿ ಬಂದು ನಿಂತರೆ ನೀವು ಒಂಟಿಯಾಗಬಾರದು. ಇನ್ನೊಂದು ಮಾತು, ಚರ್ಚಾ ಸ್ಪರ್ಧೆ ಮಾತ್ರ ಬೇಡ. "ಸಲಿಂಗ ವಿವಾಹ ಬೇಕೇ, ಬೇಡವೇ" ಎಂದು ಎರಡು ಗುಂಪು ಮಾಡಿದರೆ, ಆ ಮಗು ತನ್ನ ಬದುಕಿನ ಮೇಲೆಯೇ ಬೇರೆಯವರು ಮತ ಹಾಕುವುದನ್ನು ನೋಡುತ್ತ ಕೂರಬೇಕಾಗುತ್ತದೆ.

ವಕೀಲೆ, ಧಾರವಾಡ:

ಸರ್ ಹೇಳಿದ್ದು ಸರಿ. ತೀರ್ಪಿನಲ್ಲಿ ಇರುವುದನ್ನು ಇದ್ದಂತೆ ಹೇಳಿ. 2023ರ ಅಕ್ಟೋಬರ್ 17ರಂದು, ಸಲಿಂಗ ವಿವಾಹಕ್ಕೆ ಮಾನ್ಯತೆ ಕೋರಿದ ಸುಪ್ರಿಯೋ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳೂ ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದರು: ಮದುವೆಯಾಗುವುದು ಮೂಲಭೂತ ಹಕ್ಕಲ್ಲ, ಧರ್ಮಭೇದವಿಲ್ಲದೆ ಮದುವೆಗೆ ಅವಕಾಶ ಕೊಡುವ 1954ರ ವಿಶೇಷ ವಿವಾಹ ಕಾಯ್ದೆಯನ್ನು ಕೋರ್ಟ್ ತಿದ್ದಿ ಬರೆಯಲಾಗದು. ಅವರು ಬೇರೆಯಾದದ್ದು ಸಲಿಂಗಿ ಜೋಡಿಗಳ ಸಹಬಾಳ್ವೆಗೆ ಕಾನೂನಿನ ಮಾನ್ಯತೆ ಮತ್ತು ದತ್ತು ಸ್ವೀಕಾರದ ವಿಷಯದಲ್ಲಿ. ಅಲ್ಲಿ 3-2ರ ತೀರ್ಪು ಬಂತು. ಎರಡರಲ್ಲೂ ಜೋಡಿಗಳ ಪರವಾಗಿದ್ದ ಆಗಿನ ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ಮತ್ತು ನ್ಯಾಯಮೂರ್ತಿ ಕೌಲ್ ಅಲ್ಪಮತದಲ್ಲಿ ಉಳಿದರು. ಪುನರ್‌ಪರಿಶೀಲನಾ ಅರ್ಜಿಗಳೂ 2025ರ ಜನವರಿಯಲ್ಲಿ ವಜಾ ಆದವು.

ಸೋಲಿನ ಕಥೆಯೊಂದನ್ನೇ ಹೇಳಬೇಡಿ. ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ದಂಡ ಸಂಹಿತೆಯ 377ನೇ ಕಲಮಿನ ಬಗ್ಗೆ 2018ರಲ್ಲಿ ಬಂದ ತೀರ್ಪಿಗೆ ಬಲ ಕೊಟ್ಟದ್ದು, ಖಾಸಗಿತನ ಮೂಲಭೂತ ಹಕ್ಕು ಎಂದ 2017ರ ತೀರ್ಪು. ಅದರ ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ವಿರುದ್ಧ ಹಿರಿಯರೊಬ್ಬರು ಹಾಕಿದ ಅರ್ಜಿ ಎಲ್ಲಿಗೆ ಹೋಗಿ ಮುಟ್ಟಿತು ಎಂದು ಮಕ್ಕಳು ತಿಳಿಯಲಿ.

ಪಾಠಕ್ಕೆ ನಾನು ಸೂಚಿಸುವುದು ಅರ್ಜಿ ನಮೂನೆಗಳನ್ನು. ಬ್ಯಾಂಕಿನ ನಾಮಿನಿ ಅರ್ಜಿ, ಕುಟುಂಬ ಪಿಂಚಣಿ ಅರ್ಜಿ, ಶಸ್ತ್ರಚಿಕಿತ್ಸೆಯ ಒಪ್ಪಿಗೆ ಪತ್ರ. ಎಲ್ಲದರಲ್ಲೂ "ಸಂಬಂಧ" ಎಂಬ ಅಂಕಣವಿರುತ್ತದೆ. ಜೊತೆಗೆ ಬದುಕುವ ಇಬ್ಬರು ಹೆಂಗಸರು ಅಲ್ಲಿ ಏನು ಬರೆಯಬೇಕು ಎಂದು ಕೇಳಿ. ಜಂಟಿ ಖಾತೆಗೆ, ಸಂಗಾತಿಯನ್ನು ನಾಮಿನಿ ಮಾಡುವುದಕ್ಕೆ ಅಡ್ಡಿಯಿಲ್ಲವೆಂದು ಕೇಂದ್ರ ಹಣಕಾಸು ಸಚಿವಾಲಯ 2024ರ ಆಗಸ್ಟಿನಲ್ಲಿ ಸ್ಪಷ್ಟಪಡಿಸಿದೆ. ಆದರೆ ಸಂಗಾತಿಗೆ ಕುಟುಂಬ ಪಿಂಚಣಿ ಸಿಗಬೇಕಾದರೆ ಮದುವೆಯೇ ಬೇಕು.

ಖಾಸಗಿ ಕಂಪನಿ ಉದ್ಯೋಗಿ, ಬೆಂಗಳೂರು:

ಆ ಅಂಕಣ ನನಗೆ ಚೆನ್ನಾಗಿ ಗೊತ್ತು. ನನ್ನ ಸಂಗಾತಿಗೆ ರಾತ್ರಿ ಎರಡು ಗಂಟೆಗೆ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆ ಆಗಬೇಕಿತ್ತು. ಒಪ್ಪಿಗೆ ಪತ್ರದಲ್ಲಿ "ಅಣ್ಣ" ಎಂದು ಬರೆದು ಸಹಿ ಹಾಕಿದೆ. ನಮ್ಮ ಮನೆತನದ ಹೆಸರುಗಳು ಬೇರೆ ಬೇರೆ. ನರ್ಸ್ ಎರಡೂ ಹೆಸರು ನೋಡಿದರು, ನನ್ನ ಮುಖ ನೋಡಿದರು, ಏನೂ ಹೇಳದೆ ಕಾಗದ ತೆಗೆದುಕೊಂಡು ಹೋದರು. ಅವರ ಉಪಕಾರವನ್ನು ಮರೆಯುವುದಿಲ್ಲ. ಆದರೆ ಅದು ಉಪಕಾರವಾಗಿತ್ತು, ಹಕ್ಕಾಗಿರಲಿಲ್ಲ.

ಮೇಡಂ, ದಯವಿಟ್ಟು ಆ ಹುಡುಗನನ್ನು ಪ್ರತ್ಯೇಕವಾಗಿ ಕರೆದು ವಿಚಾರಿಸಬೇಡಿ. ಅವನು ಸಲಿಂಗಿಯೇ ಆಗಿರಬೇಕೆಂದಿಲ್ಲ. ನಗುವವರನ್ನು ತರಗತಿಯಲ್ಲೇ ತಡೆಯಿರಿ, ಅಷ್ಟು ಸಾಕು. ನನ್ನ ಕಾಲದಲ್ಲಿ ಒಬ್ಬ ಮೇಷ್ಟ್ರಾದರೂ ತಡೆದಿದ್ದರೆ ನಾನು ಕಾಲೇಜು ಬದಲಿಸುತ್ತಿರಲಿಲ್ಲ.

ರಾಜ್ಯಶಾಸ್ತ್ರ ಉಪನ್ಯಾಸಕಿ, ಹಾಸನ ಜಿಲ್ಲೆ:

ಎಲ್ಲರಿಗೂ ವಂದನೆಗಳು. ಇಂದು ಪಾಠ ಮಾಡಿದೆ. ಮಂಗಳವಾರದ ನಗುವಿನ ಬಗ್ಗೆ ಮೊದಲು ಮಾತಾಡಿದೆ. ಆ ದಿನ ಸುಮ್ಮನಿದ್ದದ್ದು ನನ್ನ ತಪ್ಪು ಎಂದೂ ಹೇಳಿದೆ. ಆಮೇಲೆ ನಮೂನೆಗಳನ್ನು ಹಂಚಿದೆ. "ಸಂಬಂಧ" ಅಂಕಣಕ್ಕೆ ಬಂದಾಗ ನಲವತ್ತೆರಡು ಮಕ್ಕಳ ಪೆನ್ನೂ ನಿಂತಿತು. "ಸ್ನೇಹಿತೆ ಎಂದು ಬರೆದರೆ ಪಿಂಚಣಿ ಕೊಡುವುದಿಲ್ಲವೇ, ಮೇಡಂ?" ಎಂದು ಕೇಳಿದವನು ಮಂಗಳವಾರ ಹೆಸರು ಕೂಗಿದವರ ಪಕ್ಕದಲ್ಲೇ ಕೂರುವ ಹುಡುಗ. ಕೈವಾರದ ಹುಡುಗ ಏನೂ ಮಾತಾಡಲಿಲ್ಲ. ನಾನೂ ಅವನ ಕಡೆ ನೋಡಲಿಲ್ಲ.

ಸೋಮವಾರ ಬಹುಮತದ ಮತ್ತು ಅಲ್ಪಮತದ ತೀರ್ಪುಗಳಿಂದ ಎರಡೆರಡು ಪುಟ ಓದಿಸಬೇಕೆಂದಿದ್ದೇನೆ. ಇಂಗ್ಲಿಷ್ ನಮ್ಮ ಮಕ್ಕಳಿಗೆ ಕಷ್ಟ. ಧಾರವಾಡದ ಮೇಡಂ, ಸರಳ ಕನ್ನಡಕ್ಕೆ ತರುವುದಕ್ಕೆ ನನ್ನ ಜೊತೆ ಒಂದು ಗಂಟೆ ಕೂರುತ್ತೀರಾ?