ಸಹಾಯ ಬೇಕು: ಗೋದಲಿಯ ರಾಗಿ ಪೈರು ಮಲಗುತ್ತೆ, ಬೆಕ್ಕೂ ಮಲಗುತ್ತೆ

ಜಾಗ ತೀರ್ಥಹಳ್ಳಿ ಕಡೆ. ಕ್ರಿಸ್ಮಸ್ ಗೋದಲಿಗೆ (ಯೇಸು ಹುಟ್ಟಿದ ಕೊಟ್ಟಿಗೆಯನ್ನ ಗೊಂಬೆಗಳಿಂದ ತೋರಿಸೋ ಅಲಂಕಾರ) ಒಂದು ಹಿಡಿ ರಾಗಿ ರಾತ್ರಿಯಿಡೀ ನೆನೆಸಿ, ಒದ್ದೆ ಬಟ್ಟೇಲಿ ಮೊಳಕೆ ಕಟ್ಟಿ, ತಟ್ಟೇಲಿ ಒಂದಿಂಚು ಮಣ್ಣಿಗೆ ಹಾಕೋದು ರೂಢಿ.

ಡಿಸೆಂಬರ್ 10ಕ್ಕೆ ಹಾಕಿದ್ರೆ 24ರ ರಾತ್ರಿ ಬಾಲಯೇಸುವನ್ನ ಇಡೋ ಹೊತ್ತಿಗೆ ಪೈರು ಬಿಳಿಚಿಕೊಂಡು ಕುರಿಗಳ ಮೇಲೆ ಒರಗಿರುತ್ತೆ. ಮನೆಯೊಳಗೆ ಬೆಳಕು ಸಾಲಲ್ಲ. ಜಗಲೀಲಿಟ್ರೆ ಮಲೆನಾಡಿನ ಚಳಿಗೆ ಏಳೋದೇ ಇಲ್ಲ. ನೀರು ಹೆಚ್ಚಾದ್ರೆ ಬುಡ ಕೊಳೆಯುತ್ತೆ, ಹಾಗಾಗಿ ಚಿಮುಕಿಸೋದು ಮಾತ್ರ.

ಇನ್ನು ಬೆಕ್ಕು. 24ರವರೆಗೆ ಹುಲ್ಲಿನ ಹಾಸಿಗೆ ಖಾಲಿ ಇರುತ್ತಲ್ಲ, ಅದು ತನಗೇ ಅಂದ್ಕೊಂಡಿದೆ! ಸಂಜೆ ಜಪಸರ ಹೇಳುವಾಗ ಐದು ದಶಕದಲ್ಲಿ (ಒಂದೊಂದರಲ್ಲಿ ಹತ್ತು ‘ನಮೋ ಮರಿಯ’ ಪ್ರಾರ್ಥನೆ) ಮೂರನೇದು ಮುಗಿಯೋಕೆ ಸರಿಯಾಗಿ ಹತ್ತಿ ಸುರುಳಿ ಸುತ್ಕೊಳ್ಳುತ್ತೆ. ಉಳಿದ 20 ನಮೋ ಮರಿಯ ಮಕ್ಕಳ ಕಿಸಿಕಿಸೀಲೇ ಹೋಗುತ್ತೆ. ಕಿತ್ತಳೆ ಸಿಪ್ಪೆ ಇಟ್ಟಾಯ್ತು, ಪಕ್ಕಕ್ಕೆ ತಳ್ಳಿ ಮಲಗುತ್ತೆ.

24ಕ್ಕೆ ಮೂರಿಂಚು ಹಸಿರು ನೆಟ್ಟಗಿರ್ಬೇಕು ಅಂದ್ರೆ ಯಾವ ತಾರೀಕು ಬಿತ್ತಬೇಕು, ದಿನಕ್ಕೆ ಎಷ್ಟೊತ್ತು ಬಿಸಿಲಿಗಿಡ್ಬೇಕು? ಬೆಕ್ಕಿಗೆ ಏನು ಉಪಾಯ?